ನಾಲ್ಕು ಊರಿನ ಪ್ರಭಾರ

ನನ್ನ ಹೆಂಡತಿ ತಲಾಟಿಯಾಗಿದ್ದಳು. ಸರಕಾರ ಆ ಹುದ್ದೆಯನ್ನು ಮೊದಲು ಗ್ರಾಮ ಲೆಕ್ಕಾಧಿಕಾರಿ ಅಂದಿತು, ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತದೆ. ಕೃಷ್ಣೆಯ ಈ ದಂಡೆಯ ಊರುಗಳಲ್ಲಿ ಜನ ಇನ್ನೂ ತಲಾಟಿ ಎಂದೇ ಕರೆಯುತ್ತಾರೆ. ಅವಳನ್ನು ತಲಾಟಿ ಬಾಯಾರು ಎನ್ನುತ್ತಿದ್ದರು, ನನ್ನನ್ನು ಬಾಯಾರ ಮಾಲಕರು, ಅಂದರೆ ಗಂಡ, ಎನ್ನುತ್ತಿದ್ದರು.

ಊರಿನ ಹೆಸರು ಬರೆಯುವುದಿಲ್ಲ, ಕಚೇರಿಯ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿ ಉಳಿದಿರುವ ಕೆಲವೇ ಜನ ತಮ್ಮ ಕೆಲಸದ ಜೊತೆಗೆ ಇಲ್ಲದವರ ಕೆಲಸವನ್ನೂ ಮಾಡುತ್ತಿದ್ದಾರೆ. ಅವರಿಗೆ ನನ್ನಿಂದ ಇನ್ನೊಂದು ತೊಂದರೆ ಬೇಡ. ಆದರೆ ನಡೆದದ್ದನ್ನು ಬರೆಯದೆ ನನಗೆ ಸಮಾಧಾನವೂ ಇಲ್ಲ.

ನಾನು ಹತ್ತನೆಯ ತರಗತಿ ಓದಿದವನು. ಮನೆಯ ಮುಂದೆ ಹಿಟ್ಟಿನ ಗಿರಣಿ ಇದೆ. ಅವಳು ಸದಲಗಾದವಳು, ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವಳು. ಅಂಕಗಳ ಮೇಲೆಯೇ ನೌಕರಿ ಸಿಕ್ಕಿತು. ನಮ್ಮದು ಬೌದ್ಧರ ಓಣಿ. ಅಲ್ಲಿಯ ಹೆಚ್ಚಿನವರು ಕಬ್ಬು ಕಡಿಯಲು, ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವವರು. ಆ ಓಣಿಯಿಂದ ಒಬ್ಬಳು ಹೆಣ್ಣುಮಗಳು ಊರಿನ ದಫ್ತರ ಹಿಡಿದು ಚಾವಡಿಯಲ್ಲಿ ಕುಳಿತದ್ದು ಏನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ನಮ್ಮ ತಾಯಿ ಮೊದಲ ದಿನ ಚಾವಡಿಯ ಹೊರಗೆ ನಿಂತು ಸೊಸೆಯನ್ನು ನೋಡಿಕೊಂಡು ಬಂದಿದ್ದಳು. ಒಳಗೆ ಹೋಗಿರಲಿಲ್ಲ.

ಆಗ ಅವಳಿಗೆ ಇದ್ದದ್ದು ಒಂದೇ ಊರು, ನಮ್ಮದೇ. ಬೆಳಿಗ್ಗೆ ನಡೆದುಕೊಂಡು ಹೋಗಿ ಸಂಜೆ ನಡೆದುಕೊಂಡು ಬರುತ್ತಿದ್ದಳು. ಯಾವ ಹೊಲದ ಬದುವಿಗೆ ಯಾರ ಜಗಳ, ಯಾವ ಮನೆಯ ಮುದುಕಿಗೆ ಪಿಂಚಣಿ ನಿಂತಿದೆ, ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು.

ನಂತರ ಪಕ್ಕದ ಊರಿನ ತಲಾಟಿ ನಿವೃತ್ತರಾದರು. ಅವರಿಗೆ ಶಾಲು ಹೊದಿಸಿ, ಪೇಢೆ ಹಂಚಿ, ಎಲ್ಲರೂ ಫೋಟೋ ತೆಗೆಸಿಕೊಂಡರು. ಮರುದಿನ ಇವಳ ಕೈಗೆ ಒಂದು ಆದೇಶ ಬಂತು. ಮುಂದಿನ ಆದೇಶದವರೆಗೆ ಆ ಊರಿನ ಹೆಚ್ಚುವರಿ ಪ್ರಭಾರ. ಮುಂದಿನ ಆದೇಶವೂ ಬಂತು. ಅದು ಮೂರನೆಯ ಊರಿನ ಪ್ರಭಾರದ್ದು. ಅಲ್ಲಿಯವರು ಚಿಕ್ಕೋಡಿ ಕಡೆಗೆ ವರ್ಗವಾಗಿದ್ದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ನಾಲ್ಕನೆಯದು ಹೇಗೆ ಬಂತು ಎಂಬುದು ಈಗ ನನಗೆ ಸರಿಯಾಗಿ ನೆನಪಿಲ್ಲ. ಆ ಹೊತ್ತಿಗೆ ಮನೆಯಲ್ಲಿ ನಾವು ಆಶ್ಚರ್ಯಪಡುವುದನ್ನು ಬಿಟ್ಟಿದ್ದೆವು.

ನಾಲ್ಕೂ ಊರಿಗೆ ಸರಿಯಾದ ಬಸ್ಸಿರಲಿಲ್ಲ. ನಾನು ಹತ್ತು ಗಂಟೆಗೆ ಗಿರಣಿಗೆ ಬೀಗ ಹಾಕಿ ಅವಳನ್ನು ಬೈಕಿನ ಮೇಲೆ ಕರೆದೊಯ್ಯಲು ಶುರುಮಾಡಿದೆ. ಕಬ್ಬಿನ ಹಂಗಾಮಿನಲ್ಲಿ ಶಿರಗುಪ್ಪಿಯ ಕಡೆಯ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಾಲು ಹಚ್ಚಿ ಹೋಗುತ್ತಿದ್ದೆವು. ಅವಳು ಹಿಂದೆ ಕುಳಿತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು.

"ನಾಳೆ ಬರ್ತೀನ್ರಿ ಕಾಕಾ. ಇಲ್ರಿ, ಇವತ್ತ ಆಗಾಂಗಿಲ್ರಿ. ಇವತ್ತ ಬ್ಯಾರೆ ಊರಾಗ ಅದೀನ್ರಿ."

ಫೋನು ಇಟ್ಟ ಮೇಲೆ ನನ್ನ ಬೆನ್ನಿಗೆ ಹೇಳುತ್ತಿದ್ದಳು: "ನಾ ಒಂದ ಊರಾಗ ಕುಂತರ ಮೂರು ಊರಾಗ ಸುಳ್ಳಿ ಅನ್ನಿಸ್ಕೋತೀನಿ."

ಕ್ರಮೇಣ ನಾವಿಬ್ಬರೂ ಕೆಲಸವನ್ನು ಹಂಚಿಕೊಂಡೆವು. ನದಿಯ ನೀರು ಇಳಿದ ಮೇಲೆ ಅವಳು ಬೆಳೆಹಾನಿ ನೋಡಲು ಕೆಸರಿನಲ್ಲಿ ಇಳಿಯುತ್ತಿದ್ದಳು. ಹೊಲಗಳ ನಡುವೆ ಸಿಗ್ನಲ್ ಸಿಗುತ್ತಿರಲಿಲ್ಲ. ಅವಳ ಫೋನು ಹಿಡಿದು ನಾನು ರಸ್ತೆಯ ಮೇಲೆ ನಿಲ್ಲುತ್ತಿದ್ದೆ. ನಾಡಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಬಾಯಿ ಅವಳ ಲಾಗಿನ್ನಿನಲ್ಲಿ ಅರ್ಜಿಗಳನ್ನು ತೆರೆದು ಕೂತಿರುತ್ತಿದ್ದರು. ಫೋನಿಗೆ ಓಟಿಪಿ ಬಂದ ಕೂಡಲೇ ನಾನು ಓದಿ ಹೇಳುತ್ತಿದ್ದೆ, ಅಲ್ಲಿ ಕೆಲಸ ಮುಂದೆ ಹೋಗುತ್ತಿತ್ತು. ಇದು ಯಾವ ನಿಯಮದಲ್ಲೂ ಇಲ್ಲ. ಹೀಗೆ ಮಾಡದಿದ್ದರೆ ನಾಲ್ಕು ಊರು ಸಾಗುತ್ತಿರಲಿಲ್ಲ.

ಜನ ಚೇಷ್ಟೆ ಮಾಡುತ್ತಿದ್ದರು. "ಮಾಲಕ್ರ, ನಿಮಗೂ ಪಗಾರ ಚಾಲೂ ಆತೇನ?"

"ಆಗೇತ್ರಿ. ಅದಕ್ಕ ನಿಮ್ಮ ಹತ್ರ ಚಾ ಕುಡೀತೀನಿ."

ನಗುತ್ತಿದ್ದೆ. ಇದರಲ್ಲಿ ಏನೋ ತಪ್ಪಿದೆ ಎಂದು ಆಗ ಅನಿಸಲಿಲ್ಲ. ಹೆಂಡತಿಗೆ ನೆರವಾಗುತ್ತಿದ್ದೇನೆ ಎಂದಷ್ಟೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತ, ಬಲಗೈ ಭಾರ ಆಗಾಕತ್ತೈತಿ ಅಂದಳು. ನಾನು ನೀರು ತರಲು ಎದ್ದೆ. ಬರುವಷ್ಟರಲ್ಲಿ ಗೋಡೆಗೆ ಒರಗಿದ್ದಳು. ಪಕ್ಕದವರು ಮೀರಜಿನ ಆಸ್ಪತ್ರೆಗೆ ಒಯ್ಯೋಣ ಎಂದು ಗಾಡಿ ತಂದರು. ಅವಳನ್ನು ಎತ್ತುವಾಗಲೇ ಉಸಿರಿರಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಮನೆಯೆಲ್ಲ ಹೊಗೆಯಾಗಿತ್ತು. ಅದನ್ನು ಯಾರೂ ಇಳಿಸಿರಲಿಲ್ಲ.

ನಾಲ್ಕೂ ಊರಿನಿಂದ ಜನ ಬಂದರು. ಬುದ್ಧವಂದನೆ ಆಯಿತು. ಆಪರೇಟರ್ ಬಾಯಿಯೂ ಬಂದು, ನನ್ನ ಮಗಳನ್ನು ಹಿಡಿದುಕೊಂಡು ಅತ್ತು ಹೋದರು.

ಮೂರನೆಯ ದಿನ ಅವಳ ಫೋನು ಸದ್ದು ಮಾಡಿತು. ಆರು ಅಂಕಿ ಬಂದಿತ್ತು. ಹಿಂದೆಯೇ ಆಪರೇಟರ್ ಬಾಯಿಯ ಕರೆ ಬಂತು.

"ಅಣ್ಣಾರ, ಕೇಳಾಕ ನನಗ ಬಾಯಿ ಬರವಲ್ದು. ಒಂದ ಓಟಿಪಿ ಬಂದೈತೇನ ನೋಡ್ರಿ."

"ಯಾರ ಕೆಲಸಾರಿ ಅಕ್ಕಾ?"

"ಹಾಸ್ಟೆಲಿಗೆ ಹೋಗೋ ಹುಡುಗ್ಯಾರ್ದು. ಆದಾಯದ ದಾಖಲಾ. ಇವತ್ತ ಕಡೀ ದಿನ ಐತ್ರಿ. ಬಾಯಾರ ಎಲ್ಲಾ ನೋಡಿ ಇಟ್ಟಿದ್ರು, ಮಂಜೂರಿ ಅಷ್ಟ ಉಳದಿತ್ತು."

ಅವರು ಹೇಳಿದ್ದು ನಿಜವಿತ್ತು. ನಾನು ಅಂಕಿಗಳನ್ನು ಓದಿದೆ. ಎಷ್ಟೋ ವರ್ಷ ಓದಿದ ಬಾಯಿ, ತಾನಾಗಿಯೇ ಓದಿತು. ಒಳಗೊಳಗೆ ಸ್ವಲ್ಪ ಹಿತವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಅವಳು ಎಲ್ಲೋ ಕೆಸರಿನಲ್ಲಿ ಇಳಿದಿದ್ದಾಳೆ, ನಾನು ರಸ್ತೆಯ ಮೇಲೆ ನಿಂತಿದ್ದೇನೆ ಅನಿಸಿತು. ಮರುದಿನವೂ ಕರೆ ಬಂತು. ಅದರ ಮರುದಿನವೂ ಬಂತು.

ಸದಲಗಾದಿಂದ ಬಂದಿದ್ದ ನನ್ನ ಹೆಂಡತಿಯ ಅಣ್ಣ ಹೊರಡುವಾಗ ಒಂದು ಮಾತು ಹೇಳಿದ. "ಮೊದಲ ಮರಣ ದಾಖಲಾ ತಗೋರಿ. ಹುಡುಗಿ ಅನುಕಂಪದ ನೌಕರಿಗೆ ಅರ್ಜಿ ಹಾಕಬೇಕಂದ್ರ ಅದ ಬೇಕು. ವರ್ಷದೊಳಗ ಹಾಕಬೇಕು. ವರ್ಷ ಅಂದ್ರ ಭಾಳ ದಿನ ಅನ್ನಸ್ತೈತಿ, ಹಂಗ ಇರಾಂಗಿಲ್ಲ."

ನನ್ನ ಮಗಳು ಆ ವರ್ಷವೇ ಬಿ.ಕಾಂ. ಮುಗಿಸಿದ್ದಳು. ತಲಾಟಿ ಕೆಲಸಕ್ಕೆ ಹೊಸ ಭರ್ತಿ ಯಾವಾಗ ಎಂದು ನಮ್ಮ ಓಣಿಯ ಓದಿದ ಮಕ್ಕಳೆಲ್ಲ ವರ್ಷಗಟ್ಟಲೆ ಕಾಯುತ್ತಿದ್ದರು. ಅವಳಿಗೆ ತಾಯಿಯ ಸಾವಿನಿಂದ ಒಂದು ಬಾಗಿಲು ತೆರೆದಿತ್ತು. ಅದಕ್ಕಾಗಿ ಸಂತೋಷಪಡಲು ಅವಳಿಗೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಆಗ ಹಳ್ಳಿಯಲ್ಲಿ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ನೋಂದಣಿ ಮಾಡುವವರು ತಲಾಟಿಯೇ. ಈಗ ಪಂಚಾಯತಿಯಲ್ಲೂ ಆಗುತ್ತದೆ ಎನ್ನುತ್ತಾರೆ. ನಮ್ಮ ಊರಿನ ತಲಾಟಿ ಎಂದರೆ ನನ್ನ ಹೆಂಡತಿಯೇ. ಅವಳ ಸಾವನ್ನು ಬರೆದುಕೊಳ್ಳಬೇಕಾದವಳು ಅವಳೇ ಆಗಿದ್ದಳು. ಅವಳ ಜಾಗದಲ್ಲಿ ಯಾರಿದ್ದಾರೆ ಎಂದು ಕೇಳಲು ನಾನು ತಾಲೂಕು ಕಚೇರಿಗೆ ಹೋದೆ.

ಶಿರಸ್ತೇದಾರರು ನನಗೆ ಗುರುತಿದ್ದವರೇ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ಪ್ರಭಾರ ಯಾರಿಗೂ ಕೊಟ್ಟಿಲ್ರಿ ಇನ್ನ. ಯಾರಿಗೆ ಕೊಡ್ಲಿ ನೀವ ಹೇಳ್ರಿ. ಒಬ್ಬಾಂವಗ ಐದು ಊರು ಅದಾವ. ಒಬ್ಬಾಕಿ ಬಾಣಂತನಕ್ಕ ಹೋಗ್ಯಾಳ. ಒಬ್ಬಾಂವ ಕೈಮುಗದು ಅಳಾಕತ್ತಾನ, ಸಾಹೇಬ್ರ ನನಗ ಬಿಪಿ ಐತಿ ಅಂತ."

"ಯಾರಾದ್ರೂ ಒಬ್ಬರು ಸಹಿ ಮಾಡಿದ್ರ ಸಾಕ್ರಿ."

ಅವರು ಬಾಗಿಲ ಕಡೆಗೆ ನೋಡಿ, ದನಿ ತಗ್ಗಿಸಿದರು. "ನೋಡ್ರಿ, ಬಾಯಾರದು ಮರಣ ನೋಂದಣಿ ಆತಂದ್ರ ಅವರ ಲಾಗಿನ್ ಬಂದ್ ಮಾಡಬೇಕಾಗ್ತೈತಿ. ಬೆಳೆಹಾನಿದು ಪೂರಾ ಅವರ ಲಾಗಿನ್ನಿನ್ಯಾಗ ಐತಿ. ಅದ ನಿಂತ್ರ ನಾಕೂ ಊರಿನ ಪರಿಹಾರ ನಿಲ್ತೈತಿ. ಈ ತಿಂಗಳ ಒಂದ ತಡೀರಿ. ಬಾಯಾರ ಇದ್ದಿದ್ರ ಅವರೂ ಇದನ್ನ ಹೇಳ್ತಿದ್ರು."

ಕೊನೆಯ ಮಾತು ಕೇಳಿ ನಾನು ಎದ್ದು ಬಂದೆ. ಬೈಯಬೇಕೆನಿಸಿತು, ಬೈಯಲಿಲ್ಲ. ಆ ಮಾತು ಸುಳ್ಳಾಗಿರಲಿಲ್ಲ. ಅವಳು ಹಾಗೆಯೇ ಹೇಳುತ್ತಿದ್ದಳು.

ಆ ತಿಂಗಳು ಕಳೆಯಿತು. ಮೂವತ್ತು ದಿನ ದಾಟಿದ ಮೇಲೆ ನೋಂದಣಿಗೆ ಮೇಲಿನ ಆದೇಶವೂ ಬೇಕು ಎಂದರು. ಆದೇಶ ಬರೆಯುವ ಗುಮಾಸ್ತರು ಇನ್ನೊಂದು ತಾಲೂಕಿನಲ್ಲೂ ಕೆಲಸ ಮಾಡುತ್ತಿದ್ದರು, ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರು. ನಾನು ಹೋದ ದಿನ ಅವರು ಅಥಣಿಗೆ ಸಭೆಗೆಂದು ಹೋಗಿದ್ದರು. ಇನ್ನೊಮ್ಮೆ ಹೋದಾಗ ಅವರಿದ್ದರು, ಕಾಗದ ಇರಲಿಲ್ಲ. ಕಾಗದ ಸಿಕ್ಕಾಗ, ಇದರ ಮೇಲೆ ಆಯಾ ಊರಿನ ತಲಾಟಿಯ ವರದಿ ಬೇಕು ಎಂದರು.

"ಆಯಾ ಊರಿನ ತಲಾಟಿನ ಸತ್ತಾಳ್ರಿ," ಅಂದೆ.

"ಅದು ನನಗ ಗೊತ್ತೈತ್ರಿ. ಖರೆ ಕಾಗದಕ್ಕ ಗೊತ್ತಿಲ್ಲ."

ಇತ್ತ ಫೋನು ನಿಲ್ಲಲಿಲ್ಲ. ಜನ ಮನೆಗೆ ಬರುತ್ತಿದ್ದರು. ನದಿಯಾಚೆಗಿನ ಮಗಳ ಮನೆಗೆ ಹೋಗಿ ಬಂದ ಒಬ್ಬ ಮುದುಕಿ, ಸುದ್ದಿ ಗೊತ್ತಿಲ್ಲದೆ ಅಂಗಳದಲ್ಲಿ ನಿಂತು ಮರಾಠಿಯಲ್ಲಿ, "ಬಾಯಿ ಕುಠೆ ಆಹೇತ?", ಬಾಯಾರು ಎಲ್ಲಿದ್ದಾರೆ, ಎಂದು ಕೇಳಿದಳು. ನಾನು ಗೋಡೆಯ ಮೇಲಿನ ಫೋಟೋ ತೋರಿಸಿದೆ. ಅವಳು ಅಲ್ಲೇ ಕುಳಿತು ಬಹಳ ಹೊತ್ತು ಅತ್ತಳು. ಎದ್ದು ಹೋಗುವಾಗ ಪಿಂಚಣಿಯ ಕಾಗದವನ್ನು ನನ್ನ ಕೈಯಲ್ಲಿ ಇಟ್ಟು ಹೋದಳು.

ಒಂದು ದಿನ ಮಗಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಪಪ್ಪಾ, ನೀವು ನಂಬರ ಹೇಳೂತನ ಅವರಿಗೆ ಮಮ್ಮಿ ಸತ್ತಿಲ್ಲ. ನಿಮಗ ತಿಳಿವಲ್ದೇನು?"

ಅವತ್ತಿನಿಂದ ಹೇಳುವುದನ್ನು ನಿಲ್ಲಿಸಿದೆ. ಅದರ ಸಿಟ್ಟು ಕಚೇರಿಯ ಮೇಲೆ ಬೀಳಲಿಲ್ಲ, ನನ್ನ ಮೇಲೆ ಬಿತ್ತು. ದೊಡ್ಡ ಕಬ್ಬಿನ ಹೊಲವಿರುವ ಒಬ್ಬ ರೈತ ಗಿರಣಿಗೆ ಬಂದು, ಹಿಟ್ಟು ಬೀಸಿಸುತ್ತಿದ್ದ ಹೆಂಗಸರೆದುರು ಅಂದ: "ಬಾಯಾರು ಇದ್ದಾಗ ಹಿಂಗ ಆಗ್ತಿದ್ದಿಲ್ಲ. ಮಾಲಕ್ರಿಗೆ ಈಗ ಸೊಕ್ಕ ಬಂದೈತಿ."

"ನನಗ ನೌಕರಿ ಇಲ್ರಿ ಗೌಡ್ರ," ಅಂದೆ. "ನನಗೆಲ್ಲಿ ಸೊಕ್ಕ."

"ಹಂಗಾರ ಇಷ್ಟ ದಿನ ಯಾಕ ಮಾಡಿದ್ರಿ?"

ಅವನ ಜೋಳವನ್ನು ಬೀಸಿ ಕೊಟ್ಟೆ.

ಹೀಗೆ ಎಂಟು ತಿಂಗಳಾಯಿತು. ತಲಾಟಿಯ ವರದಿಯ ಬದಲು ನೆರೆಹೊರೆಯವರ ಹೇಳಿಕೆ ತೆಗೆದುಕೊಂಡು ನೋಂದಣಿಯ ಆದೇಶವನ್ನೇನೋ ಕೊನೆಗೆ ಕೊಟ್ಟರು. ಅದನ್ನು ದಾಖಲಿಸುವ ತಲಾಟಿ ಬಂದಿರಲಿಲ್ಲ. ಒಂದು ಮಧ್ಯಾಹ್ನ ಆಪರೇಟರ್ ಬಾಯಿಯ ಕರೆ ಬಂತು.

"ಅಣ್ಣಾರ, ನಿಮ್ಮ ಆದೇಶ ನನ್ನ ಮುಂದ ಐತಿ. ನಮೂನೆ ಎಲ್ಲಾ ತುಂಬೀನಿ. ಕಂಪ್ಯೂಟರಿನ್ಯಾಗ ನಿಮ್ಮ ಊರಿಗೆ ಬ್ಯಾರೆ ಲಾಗಿನ್ ತೋರಸವಲ್ದು. ಬಾಯಾರದ ಐತಿ. ಇದರಾಗ ಹಾಕಿ ಮುಗಿಸಿಬಿಡಲೇನು? ಒಂದ ಸಲ ನಂಬರ ಹೇಳ್ರಿ. ಆಮ್ಯಾಲ ಎಂದೂ ಕೇಳಾಂಗಿಲ್ಲ."

ಆ ಬಾಯಿಯೂ ಗುತ್ತಿಗೆಯ ಮೇಲೆ ಇದ್ದವರು. ಪ್ರತಿ ವರ್ಷ ಏಜೆನ್ಸಿ ಬದಲಾದಾಗ ತಮ್ಮನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಹೆದರುವವರು. ನಮಗೆ ಒಳ್ಳೆಯದಾಗಲೆಂದೇ ಕೇಳಿದ್ದರು. ನಾನು ಗಿರಣಿಯನ್ನು ನಿಲ್ಲಿಸಿ, ಫೋನು ತಂದು, ಬಂದ ಆರು ಅಂಕಿಗಳನ್ನು ಓದಿದೆ. ನನ್ನ ಹೆಂಡತಿಯ ಸಾವಿನ ನೋಂದಣಿಗೆ ಅವಳ ಮಂಜೂರಾತಿಯನ್ನು ನನ್ನ ಬಾಯಿಂದಲೇ ಕೊಟ್ಟೆ. ಆ ಕ್ಷಣದಲ್ಲಿ ಇದು ಹೊಳೆಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನೇ ನಂಬುವುದಿಲ್ಲ. ಕೆಲಸ ಮುಗಿದರೆ ಸಾಕಾಗಿತ್ತು.

ದಾಖಲಾ ಕೈಗೆ ಬಂತು. ಕುಡಚಿಗೆ ಹೋಗಿ ಝೆರಾಕ್ಸ್ ಮಾಡಿಸಿದೆ. ಅಂಗಡಿಯವರು ಮೃತರ ಹೆಸರು ಓದಿ, "ಬಾಯಾರದಾ?" ಎಂದು ಕೇಳಿ, ಪ್ರತಿಗಳನ್ನು ನೆಟ್ಟಗೆ ಜೋಡಿಸಿ ಲಕೋಟೆಗೆ ಹಾಕಿ ಕೊಟ್ಟರು. ಕೆಳಗಿನ ಹೆಸರನ್ನು ಅವರೂ ನೋಡಲಿಲ್ಲ.

ಅರ್ಜಿ ಜಿಲ್ಲಾ ಕಚೇರಿಗೆ ಹೋಯಿತು. ಕೆಲವು ವಾರಗಳ ನಂತರ ನಮ್ಮನ್ನು ಕರೆಸಿದರು. ಸಿಬ್ಬಂದಿ ವಿಭಾಗದ ಗುಮಾಸ್ತೆಯೊಬ್ಬರು ದಾಖಲೆಯನ್ನು ಮೇಜಿನ ಮೇಲಿಟ್ಟು, ಮೇಲಿನ ಹೆಸರಿನ ಮೇಲೆ ಒಂದು ಬೆರಳು, ಕೆಳಗೆ ನೋಂದಣಾಧಿಕಾರಿಯ ಹೆಸರಿನ ಮೇಲೆ ಇನ್ನೊಂದು ಬೆರಳು ಇಟ್ಟರು.

"ಸತ್ತವರ ತಮ್ಮ ಸಾವಿಗೆ ಮಂಜೂರಿ ಕೊಟ್ಟಾರೇನ್ರಿ?"

ಮಗಳು ನನ್ನ ಮುಖ ನೋಡಿದಳು.

ಅರ್ಜಿ ವಾಪಸು ಬಂತು. ಅದರ ಜೊತೆಗೆ ತಾಲೂಕು ಕಚೇರಿಗೆ ಒಂದು ಪತ್ರವೂ ಬಂತು: ಮೃತ ನೌಕರರ ಲಾಗಿನ್ನಿನಲ್ಲಿ ಮರಣದ ನಂತರ ಆದ ಎಲ್ಲ ಮಂಜೂರಾತಿಗಳ ಬಗ್ಗೆ ವಿವರಣೆ ಕೊಡಬೇಕು. ಮೊದಲು ತಡೆಯಿರಿ ಎಂದಿದ್ದ ಶಿರಸ್ತೇದಾರರು ಈಗ ನನ್ನನ್ನು ಕರೆಸಿ ಬಿಳಿ ಹಾಳೆ ಕೊಟ್ಟರು.

"ಒಂದ ಹೇಳಿಕೆ ಬರದು ಕೊಡ್ರಿ. ನಾನ ಓಟಿಪಿ ಕೊಟ್ಟೀನಿ, ಕಚೇರಿಗೆ ಇದರದು ಮಾಹಿತಿ ಇದ್ದಿಲ್ಲ, ಅಂತ. ನಿಮಗ ಏನೂ ಆಗಾಂಗಿಲ್ಲ. ನೀವು ನೌಕರದಾರ್ ಅಲ್ಲ."

ಅಲ್ಲೇ ಕುಳಿತು ಬರೆದೆ. ಇಷ್ಟು ವರ್ಷ ಅವಳ ವರದಿಗಳನ್ನು ನೋಡಿ ನೋಡಿ ನನಗೂ ಬರೆಯುವ ರೀತಿ ತಿಳಿದಿತ್ತು. ಓಟಿಪಿ ಕೊಟ್ಟವನು ನಾನು ಎಂದು ಬರೆದೆ. ಕೇಳಿದವರು ಯಾರೆಂದು ಬರೆಯಲಿಲ್ಲ. ಆಪರೇಟರ್ ಬಾಯಿಯ ಅನ್ನಕ್ಕೆ ಕಲ್ಲು ಹಾಕಲು ಮನಸ್ಸಾಗಲಿಲ್ಲ. ಯಾಕೆ ಕೇಳಬೇಕಾಯಿತು ಎಂಬುದನ್ನು ಮಾತ್ರ ಬರೆದೆ. ನನ್ನ ಹೆಂಡತಿ ತೀರಿಕೊಂಡ ದಿನದಿಂದ ಇಂದಿನವರೆಗೆ ನಾಲ್ಕು ಊರುಗಳಿಗೆ ಯಾರನ್ನೂ ನೇಮಿಸಿಲ್ಲ, ಯಾರಿಗೂ ಪ್ರಭಾರ ಕೊಟ್ಟಿಲ್ಲ, ಇದು ಕಚೇರಿಗೆ ಗೊತ್ತಿದೆ.

ಅವರು ಓದಿದರು. "ಕಡೀ ಸಾಲು ತಗೀರಿ."

"ಅದನ್ನ ತಗದ್ರ ಉಳದಿದ್ದ ಸುಳ್ಳ ಆಗ್ತೈತ್ರಿ."

"ನಿಮ್ಮ ಮಗಳದು ಅರ್ಜಿ ಇನ್ನ ನಮ್ಮ ಕಚೇರಿ ಮುಖಾಂತರನ ಹೋಗಬೇಕ್ರಿ."

"ಹೋಗ್ಲಿರಿ. ಸಾಲು ಇರ್ಲಿ."

ಜೀವನದಲ್ಲಿ ಸರಕಾರಿ ಮೇಜಿನ ಎದುರು ನಾನು ಇಲ್ಲ ಎಂದದ್ದು ಅದೊಂದೇ ಸಲ. ಶಿರಸ್ತೇದಾರರು ಹಾಳೆಯನ್ನು ಮಡಚಿ ಕಡತದಲ್ಲಿ ಇಟ್ಟರು. ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರಿಗೂ ಮುಂದಿನ ತಿಂಗಳು ನಿವೃತ್ತಿ, ಅವರ ಜಾಗಕ್ಕೂ ಯಾರೂ ಬರುವವರಿರಲಿಲ್ಲ. ಆ ವಿಚಾರಣೆ ಇಂದಿಗೂ ಮುಗಿದಿಲ್ಲ. ಅದನ್ನು ನಡೆಸಬೇಕಾದ ಅಧಿಕಾರಿಯ ಹುದ್ದೆಯೂ ಖಾಲಿ ಇದೆಯಂತೆ.

ಆದರೆ ಆ ಪತ್ರದಿಂದ ಒಂದು ಕೆಲಸ ಆಯಿತು. ವಾರದೊಳಗೆ ಐದು ಊರು ಇದ್ದ ತಲಾಟಿಗೆ ಈ ನಾಲ್ಕನ್ನೂ ಸೇರಿಸಿ ಆದೇಶ ಹೊರಟಿತು. ಅವನೇ ಹಳೆಯ ನೋಂದಣಿಯನ್ನು ರದ್ದು ಮಾಡಿಸಿ ಹೊಸದನ್ನು ಬರೆದುಕೊಳ್ಳಲು ನಮ್ಮ ಮನೆಗೆ ಬಂದ. ಮೂವತ್ತು ದಾಟಿರದ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಮೃತರ ಉದ್ಯೋಗ ಎಂಬ ಕಡೆ ಬಂದಾಗ ತಲೆಯೆತ್ತಿ ಫೋಟೋ ನೋಡಿದ.

"ನನಗ ಪಹಣಿ ತಿದ್ದೂದ ಕಲಿಸಿದವರ ಬಾಯಾರು," ಎಂದ. ನಂತರ ಹೊರಗೆ ಹೋಗಿ ಯಾರಿಗೋ ಫೋನಿನಲ್ಲಿ, ನಾಳೆ ಬರ್ತೀನ್ರಿ, ಇವತ್ತ ಬ್ಯಾರೆ ಊರಾಗ ಅದೀನ್ರಿ, ಅನ್ನುತ್ತಿದ್ದ.

ವರ್ಷ ತುಂಬಲು ಒಂಬತ್ತು ದಿನ ಉಳಿದಿದ್ದಾಗ ಮಗಳ ಅರ್ಜಿಯನ್ನು ಮತ್ತೆ ಕೊಟ್ಟೆವು. ಅದೇ ಗುಮಾಸ್ತೆ ಎರಡು ಹೆಸರುಗಳನ್ನೂ ನೋಡಿ, ಬೇರೆ ಬೇರೆ ಇವೆ ಎಂದು ಖಾತ್ರಿ ಮಾಡಿಕೊಂಡು ಸ್ವೀಕೃತಿ ಬರೆಯತೊಡಗಿದರು.

"ಒಂದ ಊರಿಗೆ ಅಷ್ಟ ಹಾಕ್ತೀರೇನ್ರಿ ಮೇಡಂ?" ಎಂದು ಮಗಳು ಕೇಳಿದಳು.

ಪಕ್ಕದ ಮೇಜಿನವರು ನಕ್ಕರು. ಗುಮಾಸ್ತೆ ನಗಲಿಲ್ಲ. "ಮೊದಲ ಆರ್ಡರ್ ಬರ್ಲಿ ತಾಯಿ. ಯಾವಾಗ ಬರ್ತೈತಿ ಅಂತ ನಾ ಹೇಳಾಕ ಆಗಾಂಗಿಲ್ಲ. ಇಲ್ಲಿ ನಾ ಒಬ್ಬಾಕಿ ಅದೀನಿ."

ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆವು. ಆದೇಶ ಬಂದ ಮೇಲೆ ಗಿರಣಿಯನ್ನು ಯಾರಿಗಾದರೂ ಒಪ್ಪಿಸುತ್ತೇನೆ, ಅವಳನ್ನು ಊರೂರಿಗೆ ನಾನೇ ಬಿಡುತ್ತೇನೆ, ದಾರಿಗಳೆಲ್ಲ ನನಗೆ ಗೊತ್ತು ಎಂದು ಹೇಳಿದೆ. ಒಳ್ಳೆಯ ಮಾತು ಆಡುತ್ತಿದ್ದೇನೆ ಎಂದುಕೊಂಡಿದ್ದೆ.

"ಬ್ಯಾಡ್ರಿ ಪಪ್ಪಾ."

"ಯಾಕವಾ?"

"ನೀವು ಬಿಡಾಕ ಬಂದ್ರ ನಾಕ ಊರು ಸಾಗ್ತಾವ. ಸಾಗಿದ್ರ ಯಾರನ್ನೂ ಹಾಕಾಂಗಿಲ್ಲ. ಮಮ್ಮಿಗೆ ಹಂಗ ಆತು. ನಾ ಬಸ್ಸಿನ್ಯಾಗ ಹೋಗ್ತೀನಿ. ಮುಟ್ಟಿದಷ್ಟ ಮುಟ್ಟತೈತಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸ್ವೀಕೃತಿಯ ಕಾಗದವನ್ನು ಪರ್ಸಿನಲ್ಲಿ ಇಡುತ್ತ ಹೇಳಿದಳು. ನಾನು ರಸ್ತೆಯ ಕಡೆಗೆ ನೋಡುತ್ತ ನಿಂತೆ. ಅಷ್ಟೂ ವರ್ಷ ಹತ್ತು ಗಂಟೆಗೆ ಬೀಗ ಹಾಕಿ ಹೊರಟದ್ದು, ಕೆಸರಿನ ಆಚೆ ನಿಂತು ಅಂಕಿ ಓದಿದ್ದು, ಎಲ್ಲವನ್ನೂ ಪ್ರೀತಿಯಿಂದ ಮಾಡಿದ್ದೆ. ಅದರಲ್ಲಿ ನನ್ನ ಹೆಂಡತಿಯ ಆಯುಷ್ಯ ಎಷ್ಟು ಸವೆಯಿತು ಎಂದು ಈಗ ಯಾರನ್ನು ಕೇಳಲಿ? ಬಸ್ಸು ಬಂತು, ತುಂಬಿತ್ತು. ಮಗಳು ಮುಂದಿನ ಬಾಗಿಲಿನಿಂದ ಹತ್ತಿದಳು. ನನಗೆ ಹಿಂದೆ ಜಾಗ ಸಿಕ್ಕಿತು. ನಮ್ಮ ಊರಿನ ತನಕ ಅವಳ ಮುಖ ಕಾಣಲಿಲ್ಲ.